ಹಾಸಿಲ್ಲದ ಮಗ್ಗಕ್ಕೆ ಲಾಳಿ ಎಸೆದರೆ

ಅಮೆರಿಕದಲ್ಲಿ ಎಂ.ಎಸ್. ಓದಲು ಹೊರಟವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇವತ್ತಿಗೂ ಕಾಣಸಿಗುತ್ತದೆ. ಬಾರನ್ಸ್ ಪ್ರಕಾಶನ ಜಿಆರ್‌ಇ ಪರೀಕ್ಷೆಗೆಂದು ತಂದ ಆ ಪುಸ್ತಕದ ಹಳೆಯ ಆವೃತ್ತಿಗಳ ಹೊಟ್ಟೆಯಲ್ಲಿ ಸುಮಾರು 3,500 ಇಂಗ್ಲಿಷ್ ಪದಗಳ ಪಟ್ಟಿಯಿದೆ; ಅಕಾರಾದಿಯಾಗಿ, ಪ್ರತಿ ಪದದ ಮುಂದೆ ಒಂದು ಗೆರೆ ಅರ್ಥ. ಪುಸ್ತಕ ಕೊಳ್ಳದವರ ಮೊಬೈಲಿನಲ್ಲಿ ಅದರ ಮರಿಪಟ್ಟಿಗಳು ಕೂತಿರುತ್ತವೆ. ಪಟ್ಟಿ ಹಿಡಿದವರನ್ನು ಗುರುತಿಸುವುದು ಕಷ್ಟವಲ್ಲ. ಅಬೇಟ್, ಅಬೇಯನ್ಸ್, ಅಬೆರಂಟ್ ಎಂದು ‘ಎ’ ಅಕ್ಷರದಲ್ಲಿ ಅವರು ಪಂಡಿತರು, ‘ಸಿ’ಗೆ ಬರುವಷ್ಟರಲ್ಲಿ ಏದುಸಿರು, ‘ಎಂ’ ದಾಟಿದವರನ್ನು ದೀಪ ಹಿಡಿದು ಹುಡುಕಬೇಕು. ಮೂರು ವಾರ ಬಿಟ್ಟು ಮತ್ತೆ ತೆರೆದರೆ ‘ಎ’ ಕೂಡ ಅಳಿಸಿಹೋಗಿರುತ್ತದೆ, ಮತ್ತೆ ಅಬೇಟ್‌ನಿಂದಲೇ ಶುರು. ನೆನಪಿನ ಶಕ್ತಿ ಸಾಲದೆಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಾದರೆ ಬೈದುಕೊಳ್ಳಲು ಇನ್ನೊಂದು ಕಾರಣವೂ ಸಿದ್ಧವಿರುತ್ತದೆ: ನಮ್ಮದು ಕನ್ನಡದ ತಲೆ, ಇಂಗ್ಲಿಷ್ ಪದ ಅದರಲ್ಲಿ ನಿಲ್ಲುವುದಿಲ್ಲ. ಈ ಎರಡನೆಯ ಮಾತು ಪೂರಾ ತಲೆಕೆಳಗು ಎನ್ನುವುದು ನನ್ನ ವಾದ. ಮಗ್ಗದ ಊರು ಬನಹಟ್ಟಿಯಿಂದ ಬಂದ ಹುಡುಗಿಗೆ ಚೆನ್ನಾಗಿ ಬರುವ ಕನ್ನಡವೇ ಈ ಪರೀಕ್ಷೆಗೆ ಅವಳ ದೊಡ್ಡ ಬಂಡವಾಳ. ಪಟ್ಟಿಯ ದಾರಿ ಹಿಡಿದವರು ಆ ಬಂಡವಾಳವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಸಾಲ ಎತ್ತಲು ಹೊರಡುತ್ತಾರೆ.

ಮೊದಲು ಪರೀಕ್ಷೆಯ ಕಡೆ ನೋಡೋಣ, ಏಕೆಂದರೆ ಪಟ್ಟಿ ಹುಟ್ಟಿದ್ದು ಬೇರೊಂದು ಪರೀಕ್ಷೆಗಾಗಿ. ಜಿಆರ್‌ಇ ನಡೆಸುವ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆ 2011ರ ಆಗಸ್ಟಿನಲ್ಲಿ ಪ್ರಶ್ನೆಗಳ ಸ್ವರೂಪವನ್ನೇ ಬದಲಿಸಿತು. ಅಲ್ಲಿಯವರೆಗೆ ಒಂದು ಪದ ಕೊಟ್ಟು ಅದರ ವಿರುದ್ಧಪದ ಕೇಳುತ್ತಿದ್ದರು. ಒಂದು ಜೋಡಿ ಪದ ಕೊಟ್ಟು ಅಂಥದ್ದೇ ನಂಟಿರುವ ಇನ್ನೊಂದು ಜೋಡಿ ಕೇಳುತ್ತಿದ್ದರು. ಪದ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಆ ಕಾಲಕ್ಕೆ ಪಟ್ಟಿಗೆ ಒಂದು ಅರ್ಥವಿತ್ತು. ಈಗ ಆ ಎರಡೂ ಬಗೆಯ ಪ್ರಶ್ನೆಗಳಿಲ್ಲ. 2023ರ ಸೆಪ್ಟೆಂಬರಿನಿಂದ ಪರೀಕ್ಷೆ ಇನ್ನೂ ಚಿಕ್ಕದಾಗಿ 1 ಗಂಟೆ 58 ನಿಮಿಷಕ್ಕೆ ಇಳಿದಿದೆ; ಭಾಷೆಯ ಭಾಗಕ್ಕೆ 27 ಪ್ರಶ್ನೆ, 41 ನಿಮಿಷ. ಇರುವುದು ಮೂರು ಬಗೆ: ಗದ್ಯಭಾಗ ಓದಿ ಉತ್ತರಿಸುವುದು, ವಾಕ್ಯದ ಖಾಲಿ ಜಾಗ ತುಂಬುವುದು, ಮತ್ತು ಒಂದೇ ಖಾಲಿ ಜಾಗಕ್ಕೆ ಆರು ಪದಗಳಲ್ಲಿ ಎರಡನ್ನು ಆರಿಸುವುದು. ಆರಿಸಿದ ಎರಡೂ ಪದ ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು. ಖಾಲಿ ಜಾಗ ಮೂರಿದ್ದು, ಎರಡು ಸರಿಯಾಗಿ ತುಂಬಿ ಒಂದರಲ್ಲಿ ಎಡವಿದರೆ ಅರ್ಧ ಅಂಕವೂ ಇಲ್ಲ.

ಆ ಕೊನೆಯ ಬಗೆಯ ಒಂದು ಪ್ರಶ್ನೆಯನ್ನು ಇಲ್ಲೇ ಕಟ್ಟಿ ನೋಡಬಹುದು. ‘ಸಭೆಯಲ್ಲಿ ಆತ ತೀರಾ ____, ಆದರೆ ಪತ್ರ ಬರೆಯಲು ಕೂತರೆ ಹತ್ತು ಪುಟಕ್ಕೂ ಕೈ ನಿಲ್ಲುತ್ತಿರಲಿಲ್ಲ.’ ಆಯ್ಕೆಗಳು ಹೀಗಿವೆ ಎನ್ನೋಣ: ಗ್ಯಾರುಲಸ್, ಟ್ಯಾಸಿಟರ್ನ್, ಪಾಂಪಸ್, ಲೊಕ್ವೇಷಸ್, ರೆಟಿಸೆಂಟ್, ಪಂಕ್ಚುಯಲ್. ಪಟ್ಟಿ ಬಾಯಿಪಾಠ ಮಾಡಿದವರ ಕಣ್ಣು ಮೊದಲು ಹೋಗುವುದು ಗ್ಯಾರುಲಸ್ ಮತ್ತು ಲೊಕ್ವೇಷಸ್ ಮೇಲೆ. ಎರಡೂ ವಾಚಾಳಿ ಎಂಬರ್ಥದವು, ಪಟ್ಟಿಯಲ್ಲಿ ಒಂದಕ್ಕೊಂದು ಸಮಾನಾರ್ಥಕ. ಜೋಡಿ ಸಿಕ್ಕಿತೆಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಉತ್ತರ ಇರುವುದು ಟ್ಯಾಸಿಟರ್ನ್ ಮತ್ತು ರೆಟಿಸೆಂಟ್‌ನಲ್ಲಿ. ಅದನ್ನು ಕೈಹಿಡಿದು ತೋರಿಸುವುದು ನಡುವೆ ಕೂತಿರುವ ‘ಆದರೆ’ ಎಂಬ ಮೂರಕ್ಷರ. ಸಮಾನಾರ್ಥಕದ ಜೋಡಿಯನ್ನು ಬಲೆಯಾಗಿ ಒಡ್ಡುವುದು ಈ ಪರೀಕ್ಷೆಯ ಹಳೆಯ ಆಟ; ಬರೀ ಸಮಾನಾರ್ಥಕ ಹುಡುಕಬೇಡಿ, ವಾಕ್ಯ ಪೂರ್ತಿ ಓದಿ ಎಂದು ಪರೀಕ್ಷೆ ನಡೆಸುವವರೇ ತಿಳಿಹೇಳುತ್ತಾರೆ. ಅಂದಮೇಲೆ ಇಲ್ಲಿ ಅಳೆಯುವುದು ಪದ ಗೊತ್ತೇ ಎಂಬುದಕ್ಕಿಂತ ಹೆಚ್ಚಾಗಿ ಪದದ ತೂಕ ಗೊತ್ತೇ ಎಂಬುದನ್ನು.

ತೂಕ ನೋಡುವ ಕೆಲಸದಲ್ಲೇ ಕನ್ನಡ ಬೇಕಾಗುವುದು. ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್ ಮೂರಕ್ಕೂ ಪಟ್ಟಿಯಲ್ಲಿ ‘ಕಡಿಮೆ ಮಾತಾಡುವ’ ಎಂದೇ ಇರುತ್ತದೆ. ಆದರೆ ಕನ್ನಡದಲ್ಲಿ ಬೆಳೆದವರಿಗೆ ಮಾತು ಕಡಿಮೆಯಿರುವ ಮನುಷ್ಯರೆಲ್ಲ ಒಂದೇ ಅಲ್ಲವೆಂಬುದು ಯಾರೂ ಹೇಳಿಕೊಡದೆ ಗೊತ್ತು. ಸ್ವಭಾವದಿಂದಲೇ ಮುಗುಮ್ಮಾಗಿರುವವನು ಒಬ್ಬ, ಅವನು ಟ್ಯಾಸಿಟರ್ನ್. ಮನಸ್ಸಿನಲ್ಲಿ ಇದ್ದರೂ ಬಾಯಿ ಬಿಡದವನು ಇನ್ನೊಬ್ಬ, ಅವನು ರೆಟಿಸೆಂಟ್. ಮಾತಾಡುತ್ತಾನೆ, ಆದರೆ ಎರಡೇ ಮಾತಲ್ಲಿ ತುಂಡು ಹಾಕಿ ಮುಗಿಸುತ್ತಾನೆ ಎನ್ನುವವನು ಲಕಾನಿಕ್. ಗ್ರೀಸಿನ ಲಕೋನಿಯಾ ಸೀಮೆಯ ಸ್ಪಾರ್ಟಾದವರ ಮಾತಿನ ವೈಖರಿಯಿಂದ ಬಂದ ಪದ ಅದು. ಈ ಮೂವರನ್ನು ಪ್ರತಿಯೊಬ್ಬರೂ ತಮ್ಮ ಓಣಿಯಲ್ಲೇ ಕಂಡಿರುತ್ತಾರೆ. ಫ್ರೂಗಲ್, ಪಾರ್ಸಿಮೋನಿಯಸ್, ಮೈಸರ್ಲಿ ತೆಗೆದುಕೊಳ್ಳಿ. ಜೇಬಿನ ನಿಘಂಟು ಮೂರಕ್ಕೂ ‘ಜಿಪುಣ’ ಎಂದುಬಿಟ್ಟರೂ ಬಿಟ್ಟೀತು. ಫ್ರೂಗಲ್ ಎಂದರೆ ಕೈ ಹಿಡಿತವಿದ್ದವಳು, ಅದು ಬೈಗುಳವಲ್ಲ, ಮೆಚ್ಚುಗೆಯೇ ಆದೀತು. ಪಾರ್ಸಿಮೋನಿಯಸ್ ಎಂದರೆ ಜಿಪುಣಿ. ಮೈಸರ್ಲಿ ಎಂದರೆ ಎಂಜಲ ಕೈಯಲ್ಲಿ ಕಾಗೆ ಓಡಿಸದವನು. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವುದು ಹೊಗಳಿಕೆಯಿಂದ ಬೈಗುಳದವರೆಗೆ ಕನ್ನಡ ನಮ್ಮೊಳಗೆ ಈಗಾಗಲೇ ಎಳೆದಿಟ್ಟಿರುವ ಇಡೀ ಸಾಲು.

ಊರಿನ ಮಾತಲ್ಲೇ ಹೇಳುವುದಾದರೆ ಆ ಸಾಲೇ ಹಾಸು. ರಬಕವಿ, ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ನೂಲು ಹಾಸು. ಲಾಳಿಯೊಳಗೆ ಕೂತು ಅತ್ತಿಂದಿತ್ತ ಹಾಯುವ ನೂಲು ಹೊಕ್ಕು. ಹಾಸು ಹೂಡದ ಮಗ್ಗಕ್ಕೆ ಲಾಳಿ ಎಸೆದರೆ ಬಟ್ಟೆಯಾಗುವುದಿಲ್ಲ, ನೂಲು ಆ ಕಡೆ ಹೋಗಿ ನೆಲಕ್ಕೆ ಬೀಳುತ್ತದೆ. 3,500 ಪದಗಳ ಪಟ್ಟಿ ಹೊಕ್ಕಿನ ನೂಲಿನ ದೊಡ್ಡ ರಾಶಿ. ಇನ್ನೂ ಹತ್ತಿರದ ಹೋಲಿಕೆ ಇದೇ ಜಿಲ್ಲೆಯ ಇಳಕಲ್ಲಿನಲ್ಲಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ, ಟೋಪ್ ತೆನಿ ಎನ್ನುವುದು ಅದಕ್ಕೇ. ಹೊಸ ಭಾಷೆಯ ಪದ ತಾಯಿಭಾಷೆಯ ಅರ್ಥಕ್ಕೆ ಕೂಡಿಕೊಳ್ಳುವುದೂ ಹೀಗೆ, ಎಳೆಗೆ ಎಳೆ. ಮುಂದೆ ಸೆರಗು ತನ್ನ ಬಣ್ಣದಲ್ಲೇ ಸಾಗುತ್ತದೆ. ಮೈಯ ಬಣ್ಣ ಅದಕ್ಕೆ ಮೆತ್ತುವುದಿಲ್ಲ.

ಇದಕ್ಕೆ ಇಂಗ್ಲಿಷ್ ಮೇಷ್ಟ್ರುಗಳು ತಕ್ಷಣ ಆಕ್ಷೇಪ ಎತ್ತುತ್ತಾರೆ. ಕನ್ನಡದಲ್ಲಿ ಅರ್ಥ ಬರೆದುಕೊಳ್ಳುವವನು ಜೀವನವಿಡೀ ಅನುವಾದ ಮಾಡುತ್ತಲೇ ಇರುತ್ತಾನೆ, ಇಂಗ್ಲಿಷಿನಲ್ಲೇ ಯೋಚಿಸುವುದನ್ನು ಕಲಿಯಬೇಕು, ಕನ್ನಡವನ್ನು ತರಗತಿಯ ಹೊರಗೆ ಬಿಟ್ಟು ಬನ್ನಿ ಎನ್ನುತ್ತಾರೆ. ಮಾತಿನಲ್ಲಿ ಸತ್ಯದ ಅಂಶವಿದೆ, ಆದರೆ ಹಂತ ತಪ್ಪಿದೆ. ಜೂಡಿತ್ ಕ್ರೋಲ್ ಮತ್ತು ಎರಿಕಾ ಸ್ಟೀವರ್ಟ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಮುಂದಿಟ್ಟ ಮಾದರಿಯೊಂದನ್ನು ಎರಡು ಭಾಷೆ ಬಲ್ಲವರ ಅಧ್ಯಯನದಲ್ಲಿ ಇಂದಿಗೂ ಚರ್ಚಿಸುತ್ತಾರೆ. ಅದರ ಪ್ರಕಾರ ಹೊಸ ಭಾಷೆಯ ಪದ ಆರಂಭದಲ್ಲಿ ಅರ್ಥಕ್ಕೆ ನೇರವಾಗಿ ಹೋಗಿ ಮುಟ್ಟುವುದು ಕಡಿಮೆ. ತಾಯಿಭಾಷೆಯ ಪದದ ಮನೆಯ ಮೂಲಕ ಹಾದು ಹೋಗುತ್ತದೆ. ಬಳಕೆ ಹೆಚ್ಚಿದಂತೆ ನೇರ ದಾರಿ ತಾನಾಗಿ ಬೀಳುತ್ತದೆ. ಹಾಗಿರುವಾಗ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಆಗುವುದು ಇಷ್ಟೇ: ಮನಸ್ಸು ಹೇಗೂ ಅನುವಾದ ಮಾಡುತ್ತದೆ, ಕದ್ದು ಮಾಡುತ್ತದೆ, ಅವಸರದಲ್ಲಿ ಒಡ್ಡೊಡ್ಡಾಗಿ ಮಾಡುತ್ತದೆ. ಫ್ರೂಗಲ್ ಜಿಪುಣನಾಗುವುದು ಆಗಲೇ. ಬಿಡಿಸಿ, ಎರಡು ಸಾಲಿನ ಕನ್ನಡದಲ್ಲಿ ಬರೆದುಕೊಂಡ ಅರ್ಥ ಕದ್ದು ಮಾಡಿದ ಅನುವಾದಕ್ಕಿಂತ ಯಾವಾಗಲೂ ಮೇಲು.

ಕನ್ನಡ ನಿಜಕ್ಕೂ ಕಾಲಿಗೆ ತೊಡರುವ ಒಂದು ಜಾಗವಿದೆ, ಅದನ್ನು ಮುಚ್ಚಿಡಬಾರದು. ಅದು ನಾವು ದಿನಾ ಆಡುವ ಇಂಗ್ಲಿಷ್ ಪದಗಳ ಜಾಗ. ಸಾಲ ಸ್ಯಾಂಕ್ಷನ್ ಆಯಿತು ಎನ್ನುತ್ತೇವೆ. ಒಪ್ಪಿಗೆ ಎಂಬುದೊಂದೇ ನಮಗೆ ಗೊತ್ತಿರುವ ಅರ್ಥ. ಒಂದು ದೇಶ ಇನ್ನೊಂದರ ಮೇಲೆ ಸ್ಯಾಂಕ್ಷನ್ ಹೇರಿತು ಎಂದಾಗ ಅದೇ ಪದ ದಂಡನೆಯಾಗುತ್ತದೆ. ಅವನಿಗೆ ಟೆಂಪರ್ ಜಾಸ್ತಿ ಎನ್ನುತ್ತೇವೆ, ಸಿಟ್ಟು ಎಂಬರ್ಥದಲ್ಲಿ. ಪರೀಕ್ಷೆಯಲ್ಲಿ ಟೆಂಪರ್ ಎಂದರೆ ಹದ ಮಾಡು, ಬಿಸಿ ತಗ್ಗಿಸು. ಕ್ವಾಲಿಫೈ ಆಗುವುದು ನಮಗೆ ತೇರ್ಗಡೆ. ಅಲ್ಲಿ ಒಂದು ಹೇಳಿಕೆಯನ್ನು ಕ್ವಾಲಿಫೈ ಮಾಡುವುದೆಂದರೆ ಅದಕ್ಕೆ ‘ಆದರೆ’, ‘ಬಹುಮಟ್ಟಿಗೆ’ ಎಂದು ಮಿತಿ ಹಾಕುವುದು. ಚೆಕ್ ಎಂದರೆ ತಡೆ, ಅರೆಸ್ಟ್ ಎಂದರೆ ನಿಲ್ಲಿಸು, ಫ್ಲ್ಯಾಗ್ ಎಂದರೆ ಸೊರಗು, ವಾಂಟ್ ಎಂದರೆ ಕೊರತೆ, ಪ್ಲಾಸ್ಟಿಕ್ ಎಂದರೆ ಬೇಕಾದಂತೆ ರೂಪ ತಾಳುವ, ಕಾಂಪ್ಲೆಕ್ಸ್ ಎಂದರೆ ಅಂಗಡಿಗಳ ಕಟ್ಟಡವಲ್ಲ. ಬಾಯಿ ತುಂಬುವ ಉದ್ದುದ್ದ ಪದಗಳಿಗೆ ಹೆದರಿ ಪಟ್ಟಿ ತಿರುವುವವರು ಎಡವಿಬೀಳುವುದು ಇಂಥ ಗಿಡ್ಡ ಪದಗಳ ಮುಂದೆ. ಗೊತ್ತಿಲ್ಲದ ಪದ ನಮ್ಮನ್ನು ನಿಲ್ಲಿಸುತ್ತದೆ; ಗೊತ್ತಿದೆ ಅಂದುಕೊಂಡ ಪದ ನಿಲ್ಲಿಸದೆ ಗುಂಡಿಗೆ ನೂಕುತ್ತದೆ. ಕನ್ನಡದಲ್ಲಿ ಬಳಸುವ ಇಂಗ್ಲಿಷ್ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಅವುಗಳ ಎರಡನೆಯ, ಮೂರನೆಯ ಅರ್ಥ ನೋಡುವ ಕೆಲಸಕ್ಕೆ ಒಂದು ವಾರ ಇಟ್ಟರೆ ಸಾಕು. ಆ ವಾರದಷ್ಟು ಫಲ ಕೊಡುವ ವಾರ ಇಡೀ ತಯಾರಿಯಲ್ಲಿ ಇನ್ನೊಂದಿಲ್ಲ.

ಒಂದು ಪದಕ್ಕೆ ಹಲವು ಅರ್ಥ, ಹಲವು ಪದಕ್ಕೆ ಒಂದು ಅರ್ಥ ಎಂಬ ಈ ಇಬ್ಬದಿಯ ಸಮಸ್ಯೆ ನಮ್ಮ ನಿಘಂಟುಕಾರರಿಗೆ ಹೊಸದಲ್ಲ. ಅಮರಸಿಂಹ ತನ್ನ ಅಮರಕೋಶದಲ್ಲಿ ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಲಿಲ್ಲ; ಸ್ವರ್ಗದವು ಒಂದೆಡೆ, ಕಾಲದವು ಒಂದೆಡೆ, ಭೂಮಿಯವು ಒಂದೆಡೆ ಎಂದು ವರ್ಗ ಮಾಡಿ ಸಮಾನಾರ್ಥಕಗಳನ್ನು ಒಟ್ಟಿಗಿಟ್ಟ; ಹಲವು ಅರ್ಥವಿರುವ ಪದಗಳಿಗೆ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂದು ಬೇರೆ ಮನೆಯನ್ನೇ ಕಟ್ಟಿದ. ಸ್ಯಾಂಕ್ಷನ್, ಟೆಂಪರ್ ಸೇರಬೇಕಾದ ಮನೆ ಅದು. ಬನಹಟ್ಟಿಗೆ ದೂರವಲ್ಲದ ಮುಧೋಳದಲ್ಲಿ 949ರಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ದ ಕವಿಯೆಂದು ಎಲ್ಲರಿಗೂ ಗೊತ್ತು, ಬಳೆಗಾರರ ಮನೆಯ ಆ ಕವಿಯ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದರ ಕೆಲವು ಕಂದಪದ್ಯಗಳಷ್ಟೇ ನಮಗೆ ಉಳಿದಿವೆ. ಕನ್ನಡದ ನಿಘಂಟುಗಳ ಚರಿತ್ರೆ ಹೇಳುವವರು ಅಲ್ಲಿಂದಲೇ ಕಥೆ ಆರಂಭಿಸುತ್ತಾರೆ. ಪದಗಳ ಪಟ್ಟಿಯನ್ನೂ ಛಂದಸ್ಸಿನಲ್ಲಿ ಕಟ್ಟಬೇಕು, ಇಲ್ಲದಿದ್ದರೆ ತಲೆಯಲ್ಲಿ ನಿಲ್ಲದು ಎಂಬ ತಿಳಿವಳಿಕೆ ಈ ಸೀಮೆಯಲ್ಲಿ ಸಾವಿರ ವರ್ಷ ಹಳೆಯದು.

ಹಾಗಿದ್ದರೆ ಬಾಯಿಪಾಠಕ್ಕೆ ನೀವೇ ಸಾಕ್ಷಿ ಕೊಟ್ಟಂತಾಯಿತಲ್ಲ, ಅಮರಕೋಶವನ್ನೂ ಉರು ಹೊಡೆಯುತ್ತಿದ್ದರಲ್ಲವೇ ಎಂದು ಯಾರಾದರೂ ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ಉರು ಹೊಡೆಯುತ್ತಿದ್ದರು, ನಿಜ. ಆದರೆ ಆ ಪದಗಳು ಅರ್ಥದ ನೆಂಟಸ್ತಿಕೆಯಲ್ಲಿ ಕೂತಿದ್ದವು, ಲಯದಲ್ಲಿ ಕೂತಿದ್ದವು, ಪಕ್ಕದಲ್ಲೇ ಕಾವ್ಯದ ಪಾಠ ನಡೆಯುತ್ತಿತ್ತು. ಅಬೇಟ್ ಮತ್ತು ಅಬೇಯನ್ಸ್ ಅಕ್ಕಪಕ್ಕ ಕೂತಿರುವುದು ಮೊದಲ ಎರಡು ಅಕ್ಷರ ಒಂದೇ ಎಂಬ ಕಾರಣಕ್ಕೆ. ಅಡ್ಡಹೆಸರು ಒಂದೇ ಎಂದು ಇಬ್ಬರು ಅಪರಿಚಿತರನ್ನು ಒಂದೇ ಕೋಣೆಯಲ್ಲಿ ಕೂಡಿಸಿದ ಹಾಗೆ. ಇಷ್ಟು ಹೇಳಿ ನನ್ನ ಪಕ್ಷಕ್ಕೇ ತೊಡಕಾಗುವ ಒಂದು ಸಂಶೋಧನೆಯನ್ನೂ ಹೇಳಬೇಕು. ಥಾಮಸ್ ಟಿಂಕಮ್ ಎಂಬವರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಪೂರಾ ಹೊಸ ಪದಗಳನ್ನು ಅರ್ಥದ ಗುಂಪಾಗಿ ಒಮ್ಮೆಲೇ ಕಲಿತವರು ಸಂಬಂಧವಿಲ್ಲದ ಪದಗಳನ್ನು ಕಲಿತವರಿಗಿಂತ ನಿಧಾನವಾದರು. ಹತ್ತಿರದ ಅರ್ಥಗಳು ಒಂದರ ಮೇಲೊಂದು ಬಿದ್ದು ಸಿಕ್ಕಾಗುತ್ತವೆ. ಗ್ಯಾರುಲಸ್, ಲೊಕ್ವೇಷಸ್, ವಾಲ್ಯುಬಲ್ ಮೂರನ್ನೂ ಒಂದೇ ಸಂಜೆ ಕಲಿಯಹೊರಟರೆ ಆಗುವುದು ಅದೇ. ನನ್ನ ತೀರ್ಮಾನ ಇಷ್ಟು: ಮೊದಲ ಪರಿಚಯ ಬಿಡಿಬಿಡಿಯಾಗಿ ಆಗಲಿ, ವಾರ ಕಳೆದು ಪದ ಗಟ್ಟಿಯಾದ ಮೇಲೆ ಅಮರಕೋಶದ ಹಾಗೆ ಗುಂಪಿಗೆ ಸೇರಲಿ. ನೂಲಿಗೆ ಗಂಜಿ ಹಾಕಿ ಒಣಗಿಸಿದ ಮೇಲೇ ಅಲ್ಲವೇ ಹಾಸು ಹೂಡುವುದು.

ಇನ್ನು ಮಗ್ಗದ ಊರಿನವರಿಗಷ್ಟೇ ಸಿಗುವ ಒಂದು ಲಾಭ. ಇಂಗ್ಲಿಷಿನ ಕಠಿಣ ಪದಗಳಲ್ಲಿ ಬಹುಪಾಲು ಲ್ಯಾಟಿನ್ನಿನಿಂದ ಬಂದವು, ಲ್ಯಾಟಿನ್ ಜನ ನೇಯ್ಗೆಯ ಮಾತಿನಲ್ಲಿ ಯೋಚಿಸುತ್ತಿದ್ದವರು. ಟೆಕ್ಸೆರೆ ಎಂದರೆ ಅವರಲ್ಲಿ ನೇಯುವುದು. ಅದರಿಂದ ಟೆಕ್ಸ್ಟೈಲ್ ಬಂತೆಂದರೆ ಅಚ್ಚರಿಯಿಲ್ಲ. ಟೆಕ್ಸ್ಟ್ ಕೂಡ ಅದರಿಂದಲೇ, ಬರಹವೆಂದರೆ ನೇಯ್ದದ್ದು. ಕಾಂಟೆಕ್ಸ್ಟ್ ಎಂದರೆ ಜೊತೆಗೂಡಿ ನೇಯ್ದದ್ದು, ಪ್ರೀಟೆಕ್ಸ್ಟ್ ಎಂದರೆ ಮುಂದೆ ನೇಯ್ದು ಇಳಿಬಿಟ್ಟ ಪರದೆ, ಅಂದರೆ ನೆಪ. ಪ್ಲೆಕ್ಟೆರೆ ಎಂದರೆ ಹೆಣೆಯುವುದು. ಕಾಂಪ್ಲೆಕ್ಸ್ ಎಂದರೆ ಒಟ್ಟಿಗೆ ಹೆಣೆದುಕೊಂಡದ್ದು, ಪರ್ಪ್ಲೆಕ್ಸ್ ಎಂದರೆ ಬಿಡಿಸಲಾಗದಂತೆ ಸಿಕ್ಕಾದದ್ದು. ಆರ್ಡೀರಿ ಎಂಬ ಇನ್ನೊಂದು ಕ್ರಿಯಾಪದವಿದೆ, ಅದರ ಅರ್ಥ ಹಾಸು ಹೂಡಿ ನೇಯ್ಗೆ ಶುರು ಮಾಡುವುದು. ಪ್ರೈಮಾರ್ಡಿಯಲ್ ಎಂಬ ಘನಗಂಭೀರ ಪದ ಬಂದದ್ದು ಅಲ್ಲಿಂದ: ಮೊಟ್ಟಮೊದಲು ಹಾಸು ಹೂಡಿದ ಕಾಲದ್ದು. ಬನಹಟ್ಟಿಯಲ್ಲಿ ಬೆಳೆದವರಿಗೆ ಅದನ್ನು ಇನ್ನು ಮರೆಯಲು ಸಾಧ್ಯವೇ?

ಸೀರೆಯನ್ನು ಮಗ್ಗದಿಂದ ಇಳಿಸಿ ಘಳಿಗೆ ಮಾಡುವ ಹೊತ್ತಿಗೆ ಇನ್ನೊಂದು ಕುಟುಂಬ ಸಿಗುತ್ತದೆ. ಪ್ಲಿಕಾರೆ ಎಂದರೆ ಮಡಿಸುವುದು. ಘಳಿಗೆ ಬಿಚ್ಚಿ ಹರವಿ ತೋರಿಸಿದ್ದು ಎಕ್ಸ್‌ಪ್ಲಿಸಿಟ್. ಘಳಿಗೆಯೊಳಗೇ ಉಳಿದದ್ದು ಇಂಪ್ಲಿಸಿಟ್. ಯಾರನ್ನೋ ಒಂದು ಪ್ರಕರಣದ ಮಡಿಕೆಯೊಳಗೆ ಸೇರಿಸುವುದು ಇಂಪ್ಲಿಕೇಟ್. ಒಂದೇ ಮಡಿಕೆಯದು ಸಿಂಪಲ್; ಎರಡು ಮಡಿಕೆಯದು ಡುಪ್ಲಿಸಿಟಿ, ಮೇಲೊಂದು ಒಳಗೊಂದು, ಕನ್ನಡದ ಇಬ್ಬಂದಿತನ. ನೇಕಾರರ ಪೇಟೆಯ ಬೈಗುಳಗಳೂ ಇಂಗ್ಲಿಷಿಗೆ ಹೋಗಿವೆ. ಬಾಂಬಾಸ್ಟ್ ಎಂದರೆ ಮೊದಲು ಅಂಗಿಯೊಳಗೆ ತುಂಬುತ್ತಿದ್ದ ಹತ್ತಿ. ಒಳಗೆ ಹತ್ತಿ ತುಂಬಿ ಉಬ್ಬಿಸಿದ ಮಾತಿಗೆ ಆಮೇಲೆ ಆ ಹೆಸರು ಬಂತು, ನಮ್ಮ ಚುನಾವಣ ಭಾಷಣಗಳಿಗೆ ಹೇಳಿ ಮಾಡಿಸಿದ ಪದ. ಚಿಂದಿ ಉಣ್ಣೆಯನ್ನು ಹಿಂಜಿ ಮತ್ತೆ ನೂತ ಅಗ್ಗದ ಮಾಲು ಶಾಡಿ. ಇಂಗ್ಲೆಂಡಿನ ಈಲಿ ಊರಿನ ಜಾತ್ರೆಯಲ್ಲಿ ಸಂತೆ ಮಾಲಾಗಿ ಮಾರುತ್ತಿದ್ದ ಸೇಂಟ್ ಆಡ್ರಿಯ ಲೇಸಿನಿಂದ ಟಾಡ್ರಿ, ಮೇಲೆ ಥಳಕು ಒಳಗೆ ಹುಳುಕು. ಟೆನ್ಯುಅಸ್ ಎಂಬುದು ತೆಳ್ಳಗೆ ಎಳೆದದ್ದು, ಸಂಸ್ಕೃತದ ತನು ಎಂಬ ಪದಕ್ಕೆ ದೂರದ ದಾಯಾದಿ. ಟೆನ್ಯುಅಸ್ ಆದ ವಾದವನ್ನು ಕನ್ನಡದಲ್ಲಿ ‘ಜಾಳು’ ಎನ್ನುತ್ತೇವೆ, ಒತ್ತಾಗಿ ನೇಯದ ಬಟ್ಟೆಗೂ ಅದೇ ಮಾತು. ಸೂತ್ರ ಎಂದರೆ ದಾರ, ಗ್ರಂಥ ಎಂದರೆ ಕಟ್ಟಿದ್ದು, ಎಳೆ ಎಳೆಯಾಗಿ ಬಿಡಿಸಿ ಹೇಳುವುದು ನಮ್ಮ ವಿವರಣೆಯ ಕ್ರಮ. ಲ್ಯಾಟಿನ್ನಿನ ನೇಕಾರ ಕಂಡದ್ದನ್ನೇ ಇಲ್ಲಿಯವರೂ ಕಂಡಿದ್ದಾರೆ.

ನಿರುಕ್ತಿಯ ದಾರಿ ಮೋಸಕ್ಕೂ ಒಯ್ಯುತ್ತದೆ ಎಂಬ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಎನರ್ವೇಟ್ ಕೇಳಲು ಎನರ್ಜಿಯ ತಮ್ಮನಂತಿದೆ, ಅರ್ಥ ಮಾತ್ರ ಸತ್ವ ಹಿಂಡಿ ನಿತ್ರಾಣ ಮಾಡುವುದು. ನಾಯ್ಸಮ್‌ಗೂ ನಾಯ್ಸ್‌ಗೂ ಸಂಬಂಧವಿಲ್ಲ, ಅದು ನಾರುವಂಥದ್ದು. ರೆಸ್ಟಿವ್ ಎಂದರೆ ವಿಶ್ರಾಂತಿಯಲ್ಲಿರುವವನಲ್ಲ, ಕೂತಲ್ಲಿ ಕೂರದವನು. ಪರೀಕ್ಷೆಯವರು ಇಂಥವನ್ನೇ ಹೆಕ್ಕಿ ಇಡುತ್ತಾರೆ. ಆದ್ದರಿಂದ ಪದದ ಮೂಲ ನೆನಪಿಗೆ ಗೂಟವೇ ಹೊರತು ಅರ್ಥಕ್ಕೆ ಪ್ರಮಾಣವಲ್ಲ. ಗೊತ್ತಾದ ಅರ್ಥವನ್ನು ಕಟ್ಟಿಹಾಕಲು ಬಳಸಬೇಕು, ಗೊತ್ತಿಲ್ಲದ್ದನ್ನು ಊಹಿಸಲು ಅಲ್ಲ. ಗೂಟ ನಿಜವಾಗಿರಬೇಕೆಂಬ ಕಟ್ಟಳೆಯೂ ಇಲ್ಲ. ಸ್ಟ್ಯಾನ್‌ಫರ್ಡಿನ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾಗ್ 1975ರಲ್ಲಿ ರಷ್ಯನ್ ಪದಗಳನ್ನು ಕಲಿಸುವಾಗ, ಪ್ರತಿ ಪದದ ಸದ್ದಿಗೆ ಹತ್ತಿರವಿರುವ ಒಂದು ಇಂಗ್ಲಿಷ್ ಪದ ಹುಡುಕಿ, ಎರಡನ್ನೂ ಒಂದು ಚಿತ್ರದಲ್ಲಿ ಕೂಡಿಸಿ ನೋಡಿದರು. ಹಾಗೆ ಕಲಿತವರಿಗೆ ಸ್ಪಷ್ಟವಾಗಿ ಹೆಚ್ಚು ಪದ ನೆನಪಿದ್ದವು. ಕನ್ನಡದ ಸದ್ದಿನ ಗೂಟಗಳನ್ನು ಪ್ರತಿಯೊಬ್ಬರೂ ತಾವೇ ನೆಟ್ಟುಕೊಳ್ಳಬೇಕು, ಇನ್ನೊಬ್ಬರ ಗೂಟಕ್ಕೆ ನಮ್ಮ ಎಮ್ಮೆ ನಿಲ್ಲುವುದಿಲ್ಲ.

ನೆನಪಿನ ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ಇತ್ಯರ್ಥವಾದ ವಿಷಯ. ಕಲಿತದ್ದು ಮೊದಲ ದಿನಗಳಲ್ಲೇ ಹೆಚ್ಚು ಸೋರುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ಬರೆದ. ಮತ್ತೆ ಮತ್ತೆ ಓದಿದ್ದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಲು ತಿಣುಕಿದ್ದು ವಾರದ ಮೇಲೂ ಹೆಚ್ಚು ಉಳಿಯುತ್ತದೆ ಎಂದು ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ 2006ರಲ್ಲಿ ತೋರಿಸಿದರು. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ ಇದಕ್ಕೊಂದು ಪೆಟ್ಟಿಗೆ ಮಾಡಿಕೊಟ್ಟ: ಐದು ಮನೆಗಳು, ಸರಿ ಹೇಳಿದ ಚೀಟಿ ಮುಂದಿನ ಮನೆಗೆ, ತಪ್ಪಿದ್ದು ಮತ್ತೆ ಮೊದಲ ಮನೆಗೆ, ಹಿಂದಿನ ಮನೆಗಳನ್ನು ದಿನಾ ನೋಡಬೇಕು, ಮುಂದಿನವನ್ನು ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಮೊಬೈಲಿನ ಆ್ಯಪುಗಳು ಮಾಡುವುದೂ ಇದನ್ನೇ. ಸೀರೆ ಇಡುವ ರಟ್ಟಿನ ಪೆಟ್ಟಿಗೆಗಳಿಗೆ ಬರವಿಲ್ಲದ ಊರಿನಲ್ಲಿ ಆ್ಯಪೇ ಬೇಕೆಂದಿಲ್ಲ. ಚೀಟಿಯ ಒಂದು ಬದಿಗೆ ಖಾಲಿ ಜಾಗವಿರುವ ಇಂಗ್ಲಿಷ್ ವಾಕ್ಯ ಇರಲಿ, ಇನ್ನೊಂದು ಬದಿಗೆ ಪದ ಮತ್ತು ಎರಡು ಸಾಲಿನ ಕನ್ನಡ. ಒಂಟಿ ಪದ ಬರೆದ ಚೀಟಿ ಮತ್ತೆ ಪಟ್ಟಿಯೇ ಆಗಿಬಿಡುತ್ತದೆ.

ವಾಕ್ಯ ಎಲ್ಲಿಂದ ತರುವುದು? ಓದಿನಿಂದ. ಪಾಲ್ ನೇಷನ್ ಎಂಬ ನ್ಯೂಜಿಲೆಂಡಿನ ವಿದ್ವಾಂಸ 2006ರಲ್ಲಿ ಲೆಕ್ಕ ಹಾಕಿದಂತೆ ಇಂಗ್ಲಿಷ್ ಕಾದಂಬರಿ, ಪತ್ರಿಕೆಗಳನ್ನು ನಿಘಂಟಿನ ಊರುಗೋಲಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಸಂಖ್ಯೆ ಕೇಳಿ ಎದೆ ಒಡೆಯಬೇಕಿಲ್ಲ. ಎವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಆರಿಸಿಕೊಟ್ಟ 570 ಪದಕುಟುಂಬಗಳೇ ವಿದ್ವತ್ ಬರಹಗಳ ಸುಮಾರು ಹತ್ತನೇ ಒಂದು ಭಾಗವನ್ನು ಆವರಿಸುತ್ತವೆ. ಬಾಯಿಪಾಠಕ್ಕೆ ಪಟ್ಟಿ ಬೇಕೇ ಬೇಕೆಂದರೆ ಮೊದಲು ಆ ಗಿಡ್ಡ ಪಟ್ಟಿ. ಉಳಿದದ್ದಕ್ಕೆ ಕನ್ನಡಿಗರಿಗೆ ಒಂದು ಒಳದಾರಿಯಿದೆ. ಕನ್ನಡದಲ್ಲಿ ಮೊದಲೇ ಓದಿದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುವುದು. ಅನಂತಮೂರ್ತಿಯವರ 1965ರ ‘ಸಂಸ್ಕಾರ’ಕ್ಕೆ ಎ.ಕೆ. ರಾಮಾನುಜನ್ ಮಾಡಿದ ಅನುವಾದ 1976ರಿಂದ ಸಿಗುತ್ತದೆ. ವಚನಗಳಿಗೆ ಅವರದೇ 1973ರ ಸಂಕಲನವಿದೆ. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪಡೆದ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿವೆ. ಕಥೆ ಗೊತ್ತು, ಮನುಷ್ಯರು ಗೊತ್ತು, ಅವರ ಸಿಟ್ಟು ಸೆಡವು ಗೊತ್ತು; ಆ ಗೊತ್ತಿರುವ ಸೆಡವಿಗೆ ಅನುವಾದಕ ಯಾವ ಪದ ಹಾಕಿದ್ದಾನೆಂದು ನೋಡುವುದೇ ಪಾಠ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇನ್ನೂ ಸ್ವಾರಸ್ಯದ್ದು. ಬಿಡಿಸಲಾಗದಂತೆ ಸಿಕ್ಕಾದ ದಾರಕ್ಕೆ ಒಂದು ಮನೆಯ ಮಕ್ಕಳು ಕಟ್ಟಿಕೊಂಡ ಮಾತದು. ಶ್ರೀನಾಥ್ ಪೇರೂರರ ಅನುವಾದದಲ್ಲೂ ಅದು ಹಾಗೇ ಉಳಿದಿದೆ. ಪರ್ಪ್ಲೆಕ್ಸ್‌ಗೆ ಇದಕ್ಕಿಂತ ಒಳ್ಳೆಯ ಗೂಟ ಎಲ್ಲಿ ಸಿಕ್ಕೀತು!

ಜಿಆರ್‌ಇಯಲ್ಲಿ ಬರುವುದು ಕಥೆಯಲ್ಲ, ವಿಜ್ಞಾನ, ಚರಿತ್ರೆ, ಕಲಾವಿಮರ್ಶೆಯ ಒಣ ಗದ್ಯ ಎನ್ನುವ ಮಾತು ಸರಿ. ಅದಕ್ಕೆ ಸಂಪಾದಕೀಯ, ವಿಜ್ಞಾನ ಬರಹಗಳನ್ನೂ ಓದಬೇಕು. ಕನ್ನಡ ಪುಸ್ತಕದ ಅನುವಾದ ಅವುಗಳಿಗೆ ಬದಲಿಯಲ್ಲ, ಏರುವ ಮೊದಲ ಮೆಟ್ಟಿಲು. ಇನ್ನೊಂದು ಮಾತು ಹೆಚ್ಚು ಗಂಭೀರವಾದದ್ದು: ಈಗ ಅಮೆರಿಕದ ಎಷ್ಟೋ ವಿಭಾಗಗಳು ಜಿಆರ್‌ಇ ಕೇಳುವುದನ್ನೇ ಬಿಟ್ಟಿವೆ, ಕೋವಿಡ್ ಕಾಲದ ನಂತರ ಇನ್ನೂ ಹೆಚ್ಚು, ಕೇಳುವ ಎಂಜಿನಿಯರಿಂಗ್ ವಿಭಾಗಗಳೂ ಮೊದಲು ನೋಡುವುದು ಗಣಿತದ ಅಂಕವನ್ನು. ಶುಲ್ಕ ಕಟ್ಟಿ, ಆರು ತಿಂಗಳು ಪದಗಳ ಹಿಂದೆ ಬಿದ್ದು ಏನು ಫಲ? ಹೋಗಬೇಕಾದ ವಿಭಾಗ ಕೇಳದಿದ್ದರೆ ಪರೀಕ್ಷೆ ಬರೆಯಬೇಕಾಗಿಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ 3,500 ಪದಗಳ ಪಟ್ಟಿ ಪರೀಕ್ಷೆಯ ಜೊತೆಗೇ ಸತ್ತುಹೋಗುತ್ತದೆ; ಕ್ವಾಲಿಫೈ ಎಂದರೆ ಮಿತಿ ಹಾಕುವುದು ಎಂಬ ತಿಳಿವಳಿಕೆ ಸಾಯುವುದಿಲ್ಲ. ಮೊದಲ ವಾರ ಓದಲು ಕೊಡುವ ಸಂಶೋಧನ ಲೇಖನದ ಮೂರನೆಯ ಸಾಲಿನಲ್ಲೇ ಅದು ಎದುರಾಗುತ್ತದೆ, ಅಲ್ಲಿ ಆಯ್ಕೆಗೆ ಆರು ಪದ ಕೊಟ್ಟಿರುವುದಿಲ್ಲ.

ಚೀಟಿಗೆ ಎರಡು ಸಾಲಿನ ಕನ್ನಡ ಬರೆಯಬೇಕು ಎಂದೆನಲ್ಲ, ಅದು ಅಂದುಕೊಂಡಷ್ಟು ಸಲೀಸಲ್ಲ. ಸಟಲ್ ಎಂಬ ಪದವನ್ನೇ ನೋಡಿ. ಬರೆಯುವಾಗ ನಡುವೆ ಒಂದು ‘ಬಿ’ ಇರುತ್ತದೆ, ಉಚ್ಚರಿಸುವಾಗ ಅದು ಕಾಣೆ. ಸೂಕ್ಷ್ಮ ಎಂದು ಬರೆದರೆ ಮೈಕ್ರೋಸ್ಕೋಪಿನ ಕೆಳಗಿರುವ ಕ್ರಿಮಿಯೂ ಸೂಕ್ಷ್ಮವೇ, ಬೇಗ ನೊಂದುಕೊಳ್ಳುವ ಹುಡುಗಿಯೂ ಸೂಕ್ಷ್ಮವೇ. ನಾಜೂಕು ಎಂದರೆ ಒಡೆದುಹೋಗುವ ಗಾಜು ಕಣ್ಣಿಗೆ ಬರುತ್ತದೆ. ಕುಶಾಗ್ರ ಎಂದರೆ ಬುದ್ಧಿಗಷ್ಟೇ ಹೊಂದುತ್ತದೆ, ವ್ಯಂಗ್ಯಕ್ಕೆ ಹೊಂದುವುದಿಲ್ಲ. ಇದ್ದೂ ಇಲ್ಲದಂತಿರುವ ವ್ಯತ್ಯಾಸ, ಕೇಳಿಸಿಕೊಂಡವನಿಗೆ ಮನೆಗೆ ಹೋದ ಮೇಲೆ ಹೊಳೆಯುವ ಕೊಂಕು, ಇವಕ್ಕೆಲ್ಲ ಒಗ್ಗುವ ಪದ ಹುಡುಕುತ್ತ ಹೋದರೆ ನವಿರು ಸಿಗುತ್ತದೆ. ಸಟಲ್‌ನ ಮೂಲವಾದ ಲ್ಯಾಟಿನ್ ಪದಕ್ಕೆ ನಿರುಕ್ತಕಾರರು ಕೊಡುವ ಅರ್ಥ, ಹಾಸಿನ ಅಡಿಯಲ್ಲಿ ಹಾಯುವ ಅತಿ ತೆಳುವಾದ ನೂಲು. ನವಿರು ಎಂದರೆ ಹಳಗನ್ನಡದಲ್ಲಿ ಕೂದಲು, ಮೈ ನವಿರೇಳುವುದು ಎನ್ನುವಾಗ ಇಂದಿಗೂ ಅದೇ. ಒಂದು ಕಡೆ ನೂಲು, ಇನ್ನೊಂದು ಕಡೆ ಕೂದಲು. ಎರಡಕ್ಕೂ ನಂಟು ಹಚ್ಚುವುದು ಪಂಡಿತರ ಕೆಲಸ, ಚೀಟಿಗೆ ಇಷ್ಟು ಸಾಕು.